ಓದುಗರ ಸ್ಪಂದನ: ಹೊಗಳಿದವರಿಗೆ ಕಮಿಷನ್ ಕೊಡಬೇಕಾ?

ಕಳೆದ ಸಂಚಿಕೆಯ ಸಮಸ್ಯೆ: ಸೋಫಾಗಳಿಗೆ ಹೊಸ ಬಟ್ಟೆ ಹಾಕಿಕೊಡುವ ಕೆಲಸ ನನ್ನದು. ಜಾಹೀರಾತು ಕೊಟ್ಟವಳಲ್ಲ. ಬಾಯಿಂದ ಬಾಯಿಗೆ ಹರಡಿಯೇ ಆರು ವರ್ಷ ನಡೆಯಿತು. ಈಗ ಹೊಸ ಗಿರಾಕಿಗಳು ಕಡಿಮೆಯಾಗಿದ್ದಾರೆ. ಕರೆತಂದವರಿಗೆ ಕಮಿಷನ್ ಕೊಡು, ದುಡ್ಡು ಕೊಟ್ಟು ರಿವ್ಯೂ ಬರೆಸು ಅಂತಾನೆ ತಮ್ಮ. ಮನಸ್ಸು ಒಪ್ಪುತ್ತಿಲ್ಲ. ಏನು ಮಾಡಲಿ?

ಅಕ್ಕಾ, ನಿಮ್ಮ ಪತ್ರ ಓದಿ ನಮ್ಮ ಮನೆಯ ಸೋಫಾ ಕಡೆ ನೋಡಿದೆ. ಎರಡು ವರ್ಷದ ಹಿಂದೆ ಬಟ್ಟೆ ಬದಲಿಸಿದ್ದು. ಬಂದವರೆಲ್ಲ ಕೈಯಾಡಿಸಿ, “ಯಾರ ಹತ್ರ ಮಾಡಿಸಿದ್ರಿ?” ಅಂತ ಕೇಳುತ್ತಾರೆ. ನನಗೆ ಹೆಸರೇ ನೆನಪಿಲ್ಲ! ಬಿಲ್ ಎಲ್ಲೋ ಹೋಯಿತು, ಫೋನ್ ಬದಲಿಸಿದಾಗ ನಂಬರೂ ಹೋಯಿತು. ಪಾಪ, ನನ್ನ ಮರೆವಿನಿಂದ ಅವರಿಗೆ ಮೂರು ನಾಲ್ಕು ಕೆಲಸವಾದರೂ ತಪ್ಪಿರಬೇಕು. ನಿಮಗೂ ಹೀಗೇ ಆಗುತ್ತಿದೆಯೇನೋ. ಅದೂ ಅಲ್ಲದೆ ಒಮ್ಮೆ ಬಟ್ಟೆ ಹಾಕಿಸಿದವರು ಮತ್ತೆ ನಿಮ್ಮ ಬಳಿ ಬರುವುದು ಎಷ್ಟೋ ವರ್ಷಕ್ಕೆ, ಅಲ್ವಾ? ಕುಶನ್ನಿನ ಜಿಪ್ ಒಳಗೆ ಎರಡು ಬೆರಳಗಲದ ಲೇಬಲ್ ಹೊಲಿದುಬಿಡಿ. ನಿಮ್ಮ ಹೆಸರು, ನಂಬರ್, ಬಟ್ಟೆ ಹಾಕಿದ ವರ್ಷ, ಅಷ್ಟು ಸಾಕು. 1996ರಲ್ಲಿ ಶುರುವಾದ ಇ-ಮೇಲ್ ಸೇವೆ ಹಾಟ್‌ಮೇಲ್ ಮಾಡಿದ್ದೂ ಹೆಚ್ಚುಕಡಿಮೆ ಇದನ್ನೇ. ಯಾರು ಮೇಲ್ ಕಳಿಸಿದರೂ ಅದರ ಕೆಳಗೆ, ನೀವೂ ಉಚಿತ ಖಾತೆ ತೆರೆಯಿರಿ ಎನ್ನುವ ಸಾಲು ತಾನಾಗಿ ಬಂದು ಕೂರುತ್ತಿತ್ತು. ಎರಡು ವರ್ಷ ತುಂಬುವ ಮೊದಲೇ 80 ಲಕ್ಷಕ್ಕೂ ಜಾಸ್ತಿ ಜನ ಸೇರಿದ್ದರು.
– ಒಬ್ಬ ಗೃಹಿಣಿ

ಕಮಿಷನ್ ಕೊಟ್ಟು ಕೈ ಸುಟ್ಟುಕೊಂಡವನು ನಾನು, ಅದಕ್ಕೇ ಬರೆಯುತ್ತಿದ್ದೇನೆ. ಮನೆಗೆ ಬಣ್ಣ ಹೊಡೆಯುವ ಗುತ್ತಿಗೆ ನನ್ನದು. ಹಳೆಯ ಗಿರಾಕಿಯೊಬ್ಬರು ಕೇಳದೆಯೇ ಐದು ಮನೆ ಕೊಡಿಸಿದ್ದರು. ಆರನೆಯದಕ್ಕೆ ನಾನೇ ಕವರಿನಲ್ಲಿ ದುಡ್ಡು ಹಾಕಿ ಕೊಟ್ಟೆ. ಅವರ ಮುಖ ಸಪ್ಪಗಾಯಿತು. ಆಮೇಲೆ ತಿಳಿಯಿತು, ಪಕ್ಕದ ಮನೆಯವರು “ನಿಮಗೆಷ್ಟು ಸಿಗುತ್ತೆ?” ಅಂತ ಕೇಳಿಬಿಟ್ಟಿದ್ದರಂತೆ. ಏಳನೆಯ ಮನೆ ಬರಲೇ ಇಲ್ಲ.

ಏನಾದರೂ ಕೊಡಲೇಬೇಕು ಅನ್ನಿಸಿದರೆ ಕರೆತಂದವರು, ಹೊಸದಾಗಿ ಬಂದವರು ಇಬ್ಬರಿಗೂ ಕೊಡಿ, ಎಲ್ಲರಿಗೂ ಗೊತ್ತಾಗುವ ಹಾಗೆ ಕೊಡಿ, ನಿಮ್ಮ ಕೆಲಸದ್ದೇ ಕೊಡಿ. ಇಂಟರ್ನೆಟ್‌ನಲ್ಲಿ ಫೈಲ್ ಇಡಲು ಜಾಗ ಕೊಡುವ ಡ್ರಾಪ್‌ಬಾಕ್ಸ್ ಕಂಪನಿ ಹಾಗೆ ಮಾಡಿತು. ಕರೆದವರಿಗೂ ಬಂದವರಿಗೂ ಫೈಲ್ ಇಡಲು ಹೆಚ್ಚಿನ ಜಾಗ ಕೊಟ್ಟಿತು. 2008ರ ಸೆಪ್ಟೆಂಬರ್‌ನಲ್ಲಿ 1 ಲಕ್ಷ ಇದ್ದ ಬಳಕೆದಾರರು 2010ರ ಜನವರಿಗೆ 40 ಲಕ್ಷ ಆದರು. ನಿಮ್ಮಲ್ಲಿ ತುಂಡು ಬಟ್ಟೆ ಉಳಿದೇ ಉಳಿಯುತ್ತದಲ್ಲ, ಇಬ್ಬರಿಗೂ ಒಂದೊಂದು ದಿಂಬಿನ ಕವರ್ ಹೊಲಿದುಕೊಡಿ.
– ಬಣ್ಣದ ಗುತ್ತಿಗೆದಾರ

ರಿವ್ಯೂ ಬರೆಸುವ ಮಾತು ಬಿಟ್ಟುಬಿಡಿ ಮೇಡಂ. ಒಂದೇ ವಾರದಲ್ಲಿ ಇಪ್ಪತ್ತು ಜನ ಐದೈದು ಸ್ಟಾರ್ ಕೊಟ್ಟು “ಸೂಪರ್ ಕೆಲಸ” ಅಂತ ಬರೆದಿದ್ದರೆ ನಾನಂತೂ ಮುಂದಿನ ಅಂಗಡಿ ನೋಡುತ್ತೇನೆ. ಅಮೆರಿಕದಲ್ಲಿ ಸುಳ್ಳು ರಿವ್ಯೂ ಕೊಳ್ಳುವುದು, ಮಾರುವುದು ಎರಡನ್ನೂ 2024ರ ನಿಯಮ ನಿಷೇಧಿಸಿದೆ.
– ಕಾಲೇಜು ವಿದ್ಯಾರ್ಥಿ

ನಾನು ಮಾರ್ಕೆಟಿಂಗ್ ಕೆಲಸದವಳು. ದೊಡ್ಡ ಕಂಪನಿಗಳು ಬಾಯಿಮಾತನ್ನೂ ಅಳೆಯುತ್ತವೆ. “ನಮ್ಮ ಬಗ್ಗೆ ಸ್ನೇಹಿತರಿಗೆ ಹೇಳ್ತೀರಾ? 0ಯಿಂದ 10ರೊಳಗೆ ಅಂಕ ಕೊಡಿ” ಎಂಬ ಮೆಸೇಜ್ ನಿಮಗೂ ಬಂದಿರುತ್ತದೆ. ಅಮೆರಿಕದ ವ್ಯಾಪಾರ ಸಲಹೆಗಾರ ಫ್ರೆಡ್ ರೈಕ್‌ಹೆಲ್ಡ್ 2003ರಲ್ಲಿ ಪರಿಚಯಿಸಿದ ಲೆಕ್ಕ ಅದು. 9, 10 ಕೊಟ್ಟವರು ಮಾತ್ರ ಹೊಗಳುವವರು. 7, 8 ಕೊಟ್ಟವರು ಲೆಕ್ಕಕ್ಕಿಲ್ಲ. 6 ಮತ್ತು ಅದಕ್ಕಿಂತ ಕಡಿಮೆ ಅಂದರೆ ಬೈಯುವವರು. ದಿನಾ ಇದರಲ್ಲೇ ಮುಳುಗಿದ್ದರೂ ನನಗೆ ಪೂರ್ತಿ ನಂಬಿಕೆಯಿಲ್ಲ. ಹೇಳುತ್ತೇನೆ ಅಂದವರೆಲ್ಲ ಹೇಳುವುದಿಲ್ಲ.

ನಿಮಗೆ ಒಂದು ನೋಟ್‌ಬುಕ್ ಸಾಕು. ಹೊಸಬರು ಬಂದಾಗ “ನಮ್ಮ ಬಗ್ಗೆ ಯಾರು ಹೇಳಿದ್ರು?” ಅಂತ ಕೇಳಿ ಬರೆದಿಡಿ. ಕೆಲಸ ಮುಗಿದು ಮೂರು ತಿಂಗಳಾದ ಮೇಲೆ ಫೋನ್ ಮಾಡಿ, ಹೊಲಿಗೆ ಬಿಟ್ಟಿದೆಯಾ ವಿಚಾರಿಸಿ. ಬಿಟ್ಟಿದ್ದರೆ ಅದೇ ವಾರ ಹೋಗಿ ಸರಿಮಾಡಿ. ನೋಟ್‌ಬುಕ್ಕಿನಲ್ಲಿ ಒಂದೇ ಹೆಸರು ಮೂರು ಸಲ ಕಂಡರೆ ಅವರಿಗೆ ಫೋನ್ ಮಾಡಿ ಸುಮ್ನೆ ಒಂದು ಥ್ಯಾಂಕ್ಸ್ ಹೇಳಿ. ಆ ಫೋನಿನಲ್ಲಿ ಕೆಲಸ ಕೇಳಬೇಡಿ.
– ಮಾರ್ಕೆಟಿಂಗ್ ಉದ್ಯೋಗಿ