ಸಹಾಯ ಬೇಕು: ಲಾಮಾಕಿಯಾ ಪ್ರಕರಣ ಮತ್ತು ವೈರ್ ಫ್ರಾಡ್ ಕಾನೂನಿನ ಮಿತಿ
ಮಾನ್ಯರೇ, ಅಮೆರಿಕದ ಕಂಪ್ಯೂಟರ್ ಅಪರಾಧ ಕಾನೂನಿನ ಬಗ್ಗೆ ಕಾನೂನು ವಿದ್ಯಾರ್ಥಿಗಳಿಗಾಗಿ ಕನ್ನಡ ಟಿಪ್ಪಣಿಯೊಂದನ್ನು ಸಿದ್ಧಪಡಿಸುತ್ತಿದ್ದು, ಒಂದು ತೊಡಕನ್ನು ಬಿಡಿಸಲು ಬಲ್ಲವರ ನೆರವು ಬೇಕಾಗಿದೆ.

1872ರ ಮೇಲ್ ಫ್ರಾಡ್ (ಅಂಚೆ ಮೂಲಕ ವಂಚನೆ) ಕಾನೂನು ಮತ್ತು ಅದರ ಅಚ್ಚಿನಲ್ಲೇ 1952ರಲ್ಲಿ ಬಂದ ವೈರ್ ಫ್ರಾಡ್ (ದೂರಸಂಪರ್ಕದ ಮೂಲಕ ವಂಚನೆ) ಕಾನೂನು ಕಂಪ್ಯೂಟರಿನ ಹೆಸರೆತ್ತದಿದ್ದರೂ, ವಂಚನೆಯ ಯೋಜನೆಯೊಂದಿಗೆ ರಾಜ್ಯದ ಗಡಿ ದಾಟಿದ ಸಂಕೇತವೊಂದಿದ್ದರೆ ಪ್ರಾಸಿಕ್ಯೂಟರುಗಳ ಕೈಗೆ ಸುಲಭವಾಗಿ ಒದಗುತ್ತವೆ. 1987ರ ಕಾರ್ಪೆಂಟರ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಪತ್ರಿಕೆಯೊಂದರ ಗೋಪ್ಯ ಮಾಹಿತಿಯನ್ನೂ ಆಸ್ತಿಯೆಂದೇ ಎಣಿಸಿತು. ಆದರೆ ಲಾಭದಾಸೆಯಿಲ್ಲದೆ ಸಾಫ್ಟ್‌ವೇರ್ ಪ್ರತಿಗಳ ಹಂಚಿಕೆಗೆ ಅನುವು ಮಾಡಿಕೊಟ್ಟ ಆರೋಪ ಹೊತ್ತ ಎಂಐಟಿ ವಿದ್ಯಾರ್ಥಿ ಲಾಮಾಕಿಯಾ ಅವರ ಮೇಲಿನ ವೈರ್ ಫ್ರಾಡ್ ಪ್ರಕರಣವನ್ನು 1994ರಲ್ಲಿ ನ್ಯಾಯಾಧೀಶ ಸ್ಟರ್ನ್ಸ್, ಕೃತಿಸ್ವಾಮ್ಯದ ಉಲ್ಲಂಘನೆ ಕದ್ದ ಮಾಲಿನ ಕಾನೂನಿನಡಿ ಬರದೆಂದ ಸುಪ್ರೀಂ ಕೋರ್ಟಿನ 1985ರ ಡೌಲಿಂಗ್ ತೀರ್ಪನ್ನು ಆಧರಿಸಿ, ವಜಾ ಮಾಡಿದರು. ಲಾಭದಾಸೆಯಿಲ್ಲದ ಉಲ್ಲಂಘನೆ ಅಪರಾಧವಾಗದಿದ್ದ ಕೃತಿಸ್ವಾಮ್ಯ ಕಾನೂನಿನ ಆ ಕೊರತೆಯನ್ನು ಅಮೆರಿಕದ ಸಂಸತ್ತಾದ ಕಾಂಗ್ರೆಸ್ 1997ರ ನೋ ಎಲೆಕ್ಟ್ರಾನಿಕ್ ಥೆಫ್ಟ್ ಕಾಯ್ದೆಯಿಂದ ತುಂಬಿತು. ನನ್ನ ದೃಷ್ಟಿಯಲ್ಲಿ ಅದೇ ಸರಿಯಾದ ದಾರಿ.

ನನ್ನ ಪ್ರಶ್ನೆ ಇಷ್ಟು: ಗೋಪ್ಯ ಮಾಹಿತಿ ಆಸ್ತಿಯಾದರೆ ಕೃತಿಸ್ವಾಮ್ಯ ಏಕೆ ಆಗದು, ಎರಡರ ನಡುವೆ (ಉದ್ಯೋಗಿ ಮತ್ತು ಮಾಲೀಕರದ್ದರಂಥ) ನಂಬಿಕೆಯ ಸಂಬಂಧವೇ ಗೆರೆಯೆಳೆಯುತ್ತದೆಯೇ? 1997ರ ನಂತರ ಈ ಭೇದವನ್ನು ಚರ್ಚಿಸಿದ ಮೇಲ್ಮನವಿ ತೀರ್ಪುಗಳಿದ್ದರೆ, ಸಂಬಂಧಪಟ್ಟ ಭಾಗದ ಉಲ್ಲೇಖದೊಂದಿಗೆ ದಯವಿಟ್ಟು ತಿಳಿಸಿ. ಕಂಪ್ಯೂಟರ್ ಬಳಸಿ ಸೋಗು ಹಾಕಿ ವಂಚಿಸುವುದನ್ನು ಶಿಕ್ಷಿಸುವ ಭಾರತದ ಐಟಿ ಕಾಯ್ದೆಯ 66ಡಿ ಕಲಮಿನೊಂದಿಗೆ ಹೋಲಿಸಿ ಬರೆದವರಿದ್ದರೆ ಅದೂ ಉಪಯುಕ್ತ.