ಮನೆಯೊಳಗೊಂದು ಪ್ರಶಾಂತ ಕೋಣೆ: ಫೋಮ್ ಅಂಟಿಸಿದರೆ ಸಾಕಾ?

ಪ್ರಶ್ನೆ: ಸರ್, 10×12 ಅಡಿಯ ಒಂದು ಕೋಣೆ ಖಾಲಿಯಿದೆ. ಓದಲು, ಧ್ಯಾನಕ್ಕೆ ಕೂರಲು ಬಳಸಬೇಕೆಂದಿದ್ದೇವೆ. ರಸ್ತೆ ಕಡೆಗೊಂದು ಸ್ಲೈಡಿಂಗ್ ಕಿಟಕಿ, ಹಾಲ್ ಕಡೆಗೆ ಬಾಗಿಲು. ಗೋಡೆಗೆಲ್ಲ ಫೋಮ್ ಅಂಟಿಸಿದರೆ ಸದ್ದು ನಿಲ್ಲುತ್ತದಾ?

ಉತ್ತರ (ಒಳಾಂಗಣ ವಿನ್ಯಾಸಕ): ನಿಲ್ಲುವುದಿಲ್ಲ. ಫೋಮ್ ಕೋಣೆಯೊಳಗಿನ ಪ್ರತಿಧ್ವನಿಯನ್ನು ಹೀರುತ್ತದೆ, ಅಷ್ಟೇ. ಹೊರಗಿನ ಸದ್ದನ್ನು ತಡೆಯುವುದು ತೂಕ ಮತ್ತು ಸಂದಿಲ್ಲದ ಮುಚ್ಚಿಗೆ. ಗಾಳಿ ನುಸುಳುವಲ್ಲೆಲ್ಲ ಸದ್ದೂ ನುಸುಳುತ್ತದೆ. ಹಾಗಾಗಿ ಗೋಡೆ ಬಿಡಿ, ಬಾಗಿಲಿನಿಂದ ಶುರು ಮಾಡಿ.

ರಾತ್ರಿ ಹಾಲ್‌ನ ದೀಪ ಹಾಕಿ, ಕೋಣೆಯನ್ನು ಕತ್ತಲು ಮಾಡಿ ಒಳಗೆ ನಿಂತು ನೋಡಿ. ಬೆಳಕಿನ ಗೆರೆ ಕಂಡಲ್ಲೆಲ್ಲ ಸಂದು ಇದೆ. ಚೌಕಟ್ಟಿನ ಮೂರೂ ಬದಿಗೆ ರಬ್ಬರ್ ಬೀಡಿಂಗ್, ಕೆಳಗೆ ಡ್ರಾಪ್ ಸೀಲ್ (ಬಾಗಿಲು ಮುಚ್ಚಿದಾಗ ತಾನೇ ಇಳಿದು ನೆಲದ ಸಂದನ್ನು ಮುಚ್ಚುವ ಪಟ್ಟಿ) ಹಾಕಿಸಿ. ಅಳತೆ ಮಾಡದೆ ದಪ್ಪ ಬೀಡಿಂಗ್ ತಂದರೆ ಚಿಲಕ ಕೂರುವುದಿಲ್ಲ. ಆಮೇಲೆ ಬಾಗಿಲನ್ನೇ ಹೆರೆಯುತ್ತಾರೆ, ಸಂದು ಇನ್ನೂ ದೊಡ್ಡದಾಗುತ್ತದೆ. ಬಾಗಿಲು ತಟ್ಟಿದಾಗ ಟೊಳ್ಳು ಸದ್ದು ಬಂದರೆ ಒಳಗೆ ಗಟ್ಟಿ ಮರವಿರುವ 35 ಮಿ.ಮೀ. ಫ್ಲಶ್ ಡೋರ್‌ಗೆ ಬದಲಿಸಿ. ತೂಕ ಹೆಚ್ಚುವುದರಿಂದ ಹಿಂಜ್ ಕೂಡ ಗಟ್ಟಿಯಾಗಿರಲಿ.

ಸ್ಲೈಡಿಂಗ್ ಕಿಟಕಿ ಜಾರಬೇಕಾದರೆ ಸಂದು ಇರಲೇಬೇಕು, ಅದೇ ಅದರ ದೌರ್ಬಲ್ಯ. ಅದನ್ನು ಕೀಳುವುದು ಬೇಡ. ಒಳಬದಿಗೆ, ಸುಮಾರು 100 ಮಿ.ಮೀ. ಅಂತರ ಬಿಟ್ಟು, ಹಿಂಜ್ ಮೇಲೆ ತೆರೆಯುವ ಇನ್ನೊಂದು ಚೌಕಟ್ಟು ಕೂರಿಸಿ, ಲ್ಯಾಮಿನೇಟೆಡ್ ಗಾಜು ಹಾಕಿಸಿ. ಲ್ಯಾಮಿನೇಟೆಡ್ ಗಾಜೆಂದರೆ ನಡುವೆ ಪ್ಲಾಸ್ಟಿಕ್ ಪದರವಿಟ್ಟು ಅಂಟಿಸಿದ ಎರಡು ಗಾಜಿನ ಹಾಳೆ; ಆ ಪದರ ಕಂಪನವನ್ನು ತಗ್ಗಿಸುತ್ತದೆ. ಒಳಚೌಕಟ್ಟನ್ನು ಖಾಯಂ ಮುಚ್ಚಿಬಿಟ್ಟರೆ ನಡುವೆ ಸೇರುವ ಧೂಳು, ತೇವ ಒರೆಸಲಾಗುವುದಿಲ್ಲ.

ಪ್ರಶ್ನೆ: ಇಷ್ಟೆಲ್ಲ ಬಿಗಿ ಮಾಡಿದರೆ ಉಸಿರು ಕಟ್ಟಿದಂತಾಗುವುದಿಲ್ಲವೇ?

ಉತ್ತರ: ಖಂಡಿತ ಆಗುತ್ತದೆ, ಇದನ್ನು ಮರೆಯುವವರೇ ಜಾಸ್ತಿ. ಮುಚ್ಚಿದ ಕೋಣೆಯಲ್ಲಿ ಕಾರ್ಬನ್ ಡೈಆಕ್ಸೈಡ್ ಏರುತ್ತದೆ, ತೂಕಡಿಕೆ ಬರುತ್ತದೆ. ಕೂರುವ ಮೊದಲು ಹತ್ತು ನಿಮಿಷ ಎಲ್ಲ ತೆರೆದಿಡಿ. ಹೊತ್ತು ಹೆಚ್ಚಾದರೆ ಒಳಗೆ ಫೋಮ್ ಹಾಸಿದ, ಎರಡು ತಿರುವುಳ್ಳ ಗಾಳಿಕೊಳವೆ ಮಾಡಿಸಿ. ಗಾಳಿ ತಿರುಗಿ ಬರುತ್ತದೆ, ಸದ್ದು ತಿರುವಿನಲ್ಲಿ ಸವೆಯುತ್ತದೆ.

ಪ್ರಶ್ನೆ: ಪ್ರತಿಧ್ವನಿಗೆ ಏನು ಮಾಡುವುದು? ಬೆಳಕು ಹೇಗಿರಬೇಕು?

ಉತ್ತರ: ನಡುವೆ ನಿಂತು ಒಮ್ಮೆ ಚಪ್ಪಾಳೆ ತಟ್ಟಿ. ಝಣಝಣ ಬಾಲ ಕೇಳಿಸಿದರೆ ಎದುರುಬದುರು ಬೋಳು ಗೋಡೆಗಳ ಕೆಲಸ. ಒಂದು ಗೋಡೆಗೆ ಪುಸ್ತಕ ತುಂಬಿದ ಕಪಾಟು, ನೆಲಕ್ಕೆ ಫೆಲ್ಟ್ (ನಾರನ್ನು ಒತ್ತಿ ಮಾಡಿದ ದಪ್ಪ ಬಟ್ಟೆ) ಹಾಸಿನ ಮೇಲೆ ದಪ್ಪ ಕಾರ್ಪೆಟ್, ಕಿಟಕಿಗಿಂತ ಎರಡು ಪಟ್ಟು ಅಗಲದ ಬಟ್ಟೆಯನ್ನು ನೆರಿಗೆ ಹಿಡಿದ ಪರದೆ: ಇಷ್ಟಕ್ಕೇ ಬಹಳ ತಗ್ಗುತ್ತದೆ.

ದೀಪ 2700 ಕೆಲ್ವಿನ್ (ಹಳದಿ ಛಾಯೆಯ ಬೆಚ್ಚನೆ ಬೆಳಕು) ಇರಲಿ, ಸಿಆರ್‌ಐ (ಬಣ್ಣಗಳನ್ನು ಎಷ್ಟು ಸಹಜವಾಗಿ ತೋರಿಸುತ್ತದೆ ಎಂಬ ಅಳತೆ, ಗರಿಷ್ಠ 100) 90ರ ಮೇಲಿರಲಿ. ಬಲ್ಬು ಕಣ್ಣಿಗೆ ನೇರ ಕಾಣದಂತೆ ಗೋಡೆಗೆ ಬೆಳಕು ಬೀಳಲಿ. ಎಲ್‌ಇಡಿ ಪಟ್ಟಿಯನ್ನು ಹಾಲುಬಣ್ಣದ ಮುಚ್ಚಳವಿರುವ ಅಲ್ಯೂಮಿನಿಯಂ ಪ್ರೊಫೈಲ್‌ನಲ್ಲಿ ಕೂರಿಸದಿದ್ದರೆ ಚುಕ್ಕಿಚುಕ್ಕಿ ಕಾಣುತ್ತದೆ. ಬೆಳಕನ್ನು ಹೆಚ್ಚು ಕಡಿಮೆ ಮಾಡುವ ಡಿಮ್ಮರ್‌ಗೆ ಹೊಂದದ ಬಲ್ಬು ಹಾಕಿದರೆ ಮಿನುಗುತ್ತದೆ. ಕೊಳ್ಳುವ ಮೊದಲು ಎರಡನ್ನೂ ಜೋಡಿಸಿ, ಮೊಬೈಲ್‌ನ ಸ್ಲೋ ಮೋಷನ್‌ನಲ್ಲಿ ಹಿಡಿದು ನೋಡಿ. ಗುಡಿಸಿ ಒರೆಸಲು ಪ್ರಖರ ದೀಪವೂ ಬೇಕು, ಅದಕ್ಕೆ ಬೇರೆ ಸ್ವಿಚ್ ಇರಲಿ.

ಪ್ರಶ್ನೆ: ಬಣ್ಣ?

ಉತ್ತರ: ಯಾವುದೇ ಇರಲಿ, ಹೊಳಪಿಲ್ಲದ ಮ್ಯಾಟ್ ಆಗಿರಲಿ. ಎರಡು ಗೋಡೆಗೆ ಎರಡಡಿ ಚೌಕ ಬಳಿದು, ಬೆಳಿಗ್ಗೆ ಒಮ್ಮೆ, ಆ 2700 ಕೆಲ್ವಿನ್ ದೀಪದ ಬೆಳಕಿನಲ್ಲಿ ಒಮ್ಮೆ ನೋಡಿ ತೀರ್ಮಾನಿಸಿ.