ಹಾರ್ಲೆಕ್ ಕೋಟೆಯ ಕಡಲ ಮೆಟ್ಟಿಲು

ಚಿಕ್ಕಪ್ಪ, ವೇಲ್ಸ್‌ನ ಹಾರ್ಲೆಕ್ ಕೋಟೆಯಿಂದ ನಾನು ಕಳಿಸಿದ ಚಿತ್ರಗಳನ್ನು ನೋಡಿ, ಸುಮಾರು 60 ಮೀಟರ್ ಎತ್ತರದ ಬಂಡೆಯ ಮೇಲಿರುವ ಈ ಕೋಟೆಯನ್ನು ಯಾರಾದರೂ ಹೇಗೆ ಗೆದ್ದುಕೊಂಡರು ಎಂದು ಕೇಳಿದ್ದೀರಿ. ಪಶ್ಚಿಮದ ಗೋಡೆಯ ಬಳಿ ನಿಂತು, ಬಂಡೆಯನ್ನು ಸುತ್ತಿಕೊಂಡು ಕೆಳಗಿಳಿಯುವ ಕಲ್ಲಿನ ಮೆಟ್ಟಿಲುಗಳನ್ನು ಕಂಡಾಗ ನನಗೆ ಇದರ ಉತ್ತರ ಹೊಳೆಯಿತು. ಇಂದು ಕಡಲು ಬಹುದೂರ ಹಿಂದೆ ಸರಿದಿದೆ. ಆದರೆ ಕಟ್ಟಿದ ಕಾಲದಲ್ಲಿ ಹಡಗುಗಳು ಬಂಡೆಯ ಬುಡದವರೆಗೂ ಬರುತ್ತಿದ್ದವು, ದವಸಧಾನ್ಯ ಈ ಮೆಟ್ಟಿಲುಗಳ ಮೂಲಕವೇ ಮೇಲೇರುತ್ತಿತ್ತು.

ಇಂಗ್ಲೆಂಡಿನ ದೊರೆ ಮೊದಲನೇ ಎಡ್ವರ್ಡ್ ವೇಲ್ಸನ್ನು ಗೆದ್ದ ಬೆನ್ನಿಗೇ, 1283ರಲ್ಲಿ, ಕೋಟೆಯ ಕೆಲಸ ಆರಂಭವಾಯಿತು. ಆಲ್ಪ್ಸ್ ಪರ್ವತಗಳ ಸವಾಯ್ ಸೀಮೆಯಿಂದ ಬಂದ ಜೇಮ್ಸ್ ಆಫ್ ಸೇಂಟ್ ಜಾರ್ಜ್ ಅದರ ಮುಖ್ಯ ಶಿಲ್ಪಿ. 1286ರಲ್ಲಿ ಕಲ್ಲುಕುಟಿಗರು, ಕಮ್ಮಾರರು, ಬಡಗಿಗಳು, ಕೂಲಿಯಾಳುಗಳು ಸೇರಿ 900ಕ್ಕೂ ಹೆಚ್ಚು ಮಂದಿ ಇಲ್ಲಿ ದುಡಿಯುತ್ತಿದ್ದರು. ಒಳಗಿನ ಎತ್ತರದ ಗೋಡೆಯನ್ನು ತಗ್ಗಿನ ಹೊರಗೋಡೆಯೊಂದು ಸುತ್ತುವರಿದಿದೆ. ಬಂಡೆಯ ರಕ್ಷಣೆಯಿಲ್ಲದ ಪೂರ್ವ ದಿಕ್ಕಿನಲ್ಲಿ, ಅದೇ ಕಾರಣಕ್ಕೆ, ಭಾರೀ ಹೆಬ್ಬಾಗಿಲನ್ನು ಕಟ್ಟಿದ್ದಾರೆ.

ಆದರೂ ಕೋಟೆಯ ಜೀವ ಕಡಲಿನಲ್ಲಿತ್ತು ಎಂದೇ ನಾನು ಹೇಳುತ್ತೇನೆ: ಕಡಲಿನಿಂದ ಆಹಾರ ಬರುತ್ತಿದ್ದರೆ ಕೋಟೆ ಉಳಿಯುತ್ತಿತ್ತು, ಅದು ಬರಿದಾದರೆ ಬೀಳುತ್ತಿತ್ತು. 1294ರಲ್ಲಿ ವೇಲ್ಸ್‌ನ ಮಡೋಗ್ ಅಪ್ ಲೆವೆಲಿನ್ ಇಂಗ್ಲಿಷರ ವಿರುದ್ಧ ದಂಗೆಯೆದ್ದಾಗ, ಐರ್ಲೆಂಡಿನಿಂದ ಹಡಗಿನಲ್ಲಿ ಬಂದ ಆಹಾರವೇ ಒಳಗಿದ್ದವರನ್ನು ಉಳಿಸಿತು. 1404ರಲ್ಲಿ ವೇಲ್ಸ್‌ನ ನಾಯಕ ಓವೈನ್ ಗ್ಲಿನ್‌ಡೂರ್ ದೀರ್ಘ ಮುತ್ತಿಗೆಯ ಬಳಿಕ, ಕಾವಲು ಪಡೆ ಕೆಲವೇ ಮಂದಿಗೆ ಇಳಿದ ಮೇಲೆ, ಕೋಟೆಯನ್ನು ವಶಪಡಿಸಿಕೊಂಡು ತನ್ನ ಸಂಸಾರವನ್ನೂ ಆಸ್ಥಾನವನ್ನೂ ಇಲ್ಲಿಗೆ ತಂದನು. ಮುಂದೆ ಇಂಗ್ಲಿಷ್ ಸೇನೆ ಫಿರಂಗಿಗಳೊಂದಿಗೆ ಬಂದು ಮುತ್ತಿತು. ಗೋಡೆಗಳಿಗೆ ಪೆಟ್ಟು ಬಿದ್ದರೂ ಒಳಗಿದ್ದವರು ಬಗ್ಗಲಿಲ್ಲ. ಚಳಿಗಾಲದಲ್ಲಿ ಆಹಾರ ಬರಿದಾಗಿ, ಓವೈನನ ಅಳಿಯ ಎಡ್ಮಂಡ್ ಮಾರ್ಟಿಮರ್ ಮುತ್ತಿಗೆಯ ವೇಳೆಯಲ್ಲೇ ಸತ್ತು, 1409ರಲ್ಲಿ ಕೋಟೆ ಬಿದ್ದಿತು. ಓವೈನನ ಹೆಂಡತಿ, ಹೆಣ್ಣುಮಕ್ಕಳು ಮತ್ತು ಮೊಮ್ಮಕ್ಕಳನ್ನು ಸೆರೆಹಿಡಿದು ಲಂಡನ್‌ಗೆ ಒಯ್ದರು. ಯುದ್ಧದ ಕಥೆಗಳಲ್ಲಿ ಇವರ ಹೆಸರು ವಿರಳವಾಗಿ ಕೇಳಿಬರುತ್ತದೆ ಎಂಬುದು ಆ ಅಂಗಳದಲ್ಲಿ ನಿಂತಾಗ ನನ್ನನ್ನು ಬಹಳ ಕಾಡಿತು.

ಇಂಗ್ಲೆಂಡಿನ ಸಿಂಹಾಸನಕ್ಕಾಗಿ ಲಂಕಾಸ್ಟರ್ ಮತ್ತು ಯಾರ್ಕ್ ಮನೆತನಗಳ ನಡುವೆ ನಡೆದ ಗುಲಾಬಿಗಳ ಯುದ್ಧದಲ್ಲಿ ಲಂಕಾಸ್ಟರ್ ಪಕ್ಷದವರು ಇದೇ ಕಡಲ ದಾರಿಯ ಬಲದಿಂದ 1461ರಿಂದ ಏಳು ವರ್ಷ ಕೋಟೆಯನ್ನು ಕಾಪಾಡಿಕೊಂಡರು. ಕೊನೆಗೆ 1468ರ ಆಗಸ್ಟ್‌ನಲ್ಲಿ ಯಾರ್ಕ್ ಪಕ್ಷದ ವಿಲಿಯಂ ಹರ್ಬರ್ಟ್‌ನ ದೊಡ್ಡ ಸೇನೆಗೆ ಶರಣಾದರು. ನೀವು ಬರುವುದಾದರೆ ಹೆಬ್ಬಾಗಿಲಿನಲ್ಲೇ ಹೊತ್ತು ಕಳೆಯದೆ, ಮೊದಲು ಪಶ್ಚಿಮದ ಮೆಟ್ಟಿಲುಗಳನ್ನು ನೋಡಿ.